ಕಲ್ಲಿನ ತೂತಿಗೆ ಬೀಜ ತುಂಬಿದ ದುರ್ಗಜ್ಜ

1941ನೇ ಇಸವಿ ಮಾರ್ಚ್ 3, ಸೋಮವಾರ. ಮುಂಜಾನೆ ಏಳು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕುಳಿತೆ.

ಬೀಜ ನೆಡುವಾಗ "ದೂರ ಸರೀರೋ! ಬತ್ತಿ ಹಚ್ಚಾಕತ್ತೇನಿ!" ಎಂದು ಅರಚಿ, ಬಂಡೆಯ ಹಿಂದೆ ಓಡಿ, ಕಿವಿ ಮುಚ್ಚಿಕೊಂಡು ಕೂಡುವ ಮನುಷ್ಯನನ್ನು ನಾನು ಒಬ್ಬನನ್ನೇ ಕಂಡಿದ್ದೇನೆ. ಅವನು ದುರ್ಗಜ್ಜ.

ಯಲವಿಗಿ ಸ್ಟೇಶನ್ನಿನಿಂದ ಅರ್ಧ ತಾಸು ನಡೆದರೆ, ರೈಲುದಾರಿಗೆ ಜಲ್ಲಿ ಒಡೆದು ಬಿಟ್ಟುಹೋದ ಕಲ್ಲಿನ ಖಣಿಯೊಂದಿದೆ. ದುರ್ಗಜ್ಜ ಇಪ್ಪತ್ತೆರಡು ವರ್ಷ ಅಲ್ಲಿ ಮದ್ದು ತುಂಬಿ ಕಲ್ಲು ಸಿಡಿಸಿದವನು. ಆ ಸದ್ದಿಗೆ ಗುಡ್ಡದ ನವಿಲುಗಳು ಓಡಿಹೋದವು. ಅಜ್ಜನ ಕಿವಿಗಳೂ ಹೋದವು. ಏಳೆಂಟು ವರ್ಷದ ಹಿಂದೆ ಖಣಿ ಮುಚ್ಚಿದ ಮರುವಾರವೇ ಅವನು ಸಗಣಿ ಬುಟ್ಟಿ ಹೊತ್ತು ಅಲ್ಲಿಗೆ ತಿರುಗಿ ಹೋದನಂತೆ.

"ಕಿವಿ ನನ್ನವು, ಹೋದ್ರ ಹೋಗ್ಲಿ. ನವಿಲು ಗುಡ್ಡದವು. ತಿರುಗಿ ಕೊಡಬೇಕಲ್ರಿ?"

ಮದ್ದಿಗೆಂದು ಕೊರೆದು ಹಾಗೇ ಬಿಟ್ಟಿದ್ದ ತೂತುಗಳು ಬಂಡೆಯ ಗೋಡೆಯಲ್ಲಿ ನೂರಾರು ಇದ್ದವು. ಆಲದ ಹಣ್ಣು, ಬಸರಿ ಹಣ್ಣು ಕಲಸಿದ ಸಗಣಿಯನ್ನು ಅವಕ್ಕೆ ತುಂಬಿ, ಕಟ್ಟಿಗೆಯ ಕೋಲಿನಿಂದ ಮೆಲ್ಲಗೆ ಒತ್ತುತ್ತಿದ್ದ. ಕಬ್ಬಿಣದ ಸಲಾಕೆ ಮುಟ್ಟುತ್ತಿರಲಿಲ್ಲ, ಕಿಡಿ ಏಳುತ್ತದೆಂದು.

"ಸಗಣಿಗೆ ಎಲ್ಲಿ ಕಿಡಿ, ಅಜ್ಜಾ?" ಎಂದೆ. ಅವನು ತುಟಿ ನೋಡಿಯೇ ಮಾತು ತಿಳಿಯುತ್ತಿದ್ದ.

"ನಿಮಗ ಸಾಲಿ ಕಲಿಸೂದು ಗೊತ್ತು. ಸುಮ್ನ ಕುಂತ್ಕೋರಿ ಮಾಸ್ತರ."

ನಾನು ಊರಿನ ಶಾಲೆಗೆ ಹೊಸದಾಗಿ ಬಂದಿದ್ದೆ. ಏನು ಕಂಡರೂ ಎಣಿಸಿ ಬರೆದಿಡುವ ನನ್ನ ಚಟ ಅವನಿಗೆ ಹಿಡಿಸಿತು. ಸಂಜೆ ಖಣಿಯಲ್ಲಿ ಕುಳಿತು ಯಾವ ಹಕ್ಕಿ ಎಷ್ಟು ಬಾರಿ ಕೂಗಿತೆಂದು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. "ನೀವಽ ನನ್ನ ಕಿವಿ," ಎಂದ.

ಕಳೆದ ವರ್ಷದ ಜೂನ್ ತಿಂಗಳ ಲೆಕ್ಕ ಕೂಡಿಸಿದೆ, ನಂಬದೆ ಇನ್ನೊಮ್ಮೆ ಕೂಡಿಸಿದೆ. ಅಜ್ಜ ಅರಚಿದ ಹದಿನೆಂಟು ಸಂಜೆ ಬರೀ ಕಾಗೆ, ಗುಬ್ಬಿ. ಅವನು ಹತ್ತಿಮತ್ತೂರಿಗೆ ಬೀಗರ ಮನೆಗೆ ಹೋಗಿದ್ದ ನಾಲ್ಕು ಸಂಜೆ ಹನ್ನೊಂದು ಜಾತಿಯ ಹಕ್ಕಿ. ಕೆಸರಿನಲ್ಲಿ ನವಿಲಿನ ಹೆಜ್ಜೆ ಬೇರೆ!

ಹೇಳುವುದು ಹೇಗೆ? ಬಂಡೆಯ ಮೇಲೆ ಹರಳು ಜೋಡಿಸಿ, ಅವನಿದ್ದ ಸಂಜೆಗಳಿಗೊಂದು, ಇಲ್ಲದ ಸಂಜೆಗಳಿಗೊಂದು, ಎರಡು ಸಾಲು ಮಾಡಿ ತೋರಿಸಿದೆ. ಅಜ್ಜ ಹರಳುಗಳನ್ನು ಬೆರಳಿನಿಂದ ಒಂದೊಂದಾಗಿ ಎಣಿಸಿದ.

"ಅಂದ್ರ, ಇನ್ನೂ ನಾನಽ ಓಡಸಾಕತ್ತೇನೇನು? ಮದ್ದಿಲ್ದನೂ?"

ಹೌದೆಂದು ತಲೆ ಆಡಿಸಿದೆ.

"ಕೂಗ್ದನ ಬತ್ತಿ ಹಚ್ಚಿದಾವ ಕೊಲೆಗಾರ್ರಿ."

"ಇದು ಸಗಣಿ, ಅಜ್ಜಾ!"

"ಬಾಯಿಗೇನ ಗೊತ್ತ್ರೀ ಅದು?"

ಮರುದಿನ ಒಂದು ತಂಬಿಗೆ ನೀರು ತಂದ. ಪ್ರತಿ ತೂತಿಗೂ ಮೊದಲು ಬಾಯಿ ತುಂಬ ನೀರು ತುಂಬಿಕೊಳ್ಳುವುದು. ಆಗ ಕೂಗಲು ಬರುವುದಿಲ್ಲ. ಮೊದಲ ದಿನ ಏಳು ತೂತು, ಆರು ಸಲ ಕಾರಂಜಿ. ಎರಡು ಸಲ ನನ್ನ ಕೋಟಿನ ಮೇಲೆ. ಮೂರನೆಯ ದಿನ ಎರಡೇ. ಆರನೆಯ ದಿನ ಒಂದು ಹನಿಯೂ ಹೊರಗೆ ಬರಲಿಲ್ಲ. ಗಲ್ಲ ಉಬ್ಬಿಸಿಕೊಂಡು ಬಂಡೆಯ ಹಿಂದೆ ಓಡುವುದು ಮಾತ್ರ ತಪ್ಪಲಿಲ್ಲ.

ಜುಲೈ 19, ಸಂಜೆ ಆರು ಗಂಟೆ. ಖಣಿಯ ಅಂಚಿಗೆ ಒಂದು ಗಂಡು ನವಿಲು ಬಂತು. ಕತ್ತು ಚಾಚಿ ಬಾಯಿ ತೆರೆಯಿತು. ಅಜ್ಜ ಬಾಯೊಳಗಿನ ನೀರನ್ನು ಗಟಗಟ ನುಂಗಿದ.

"ಕೂಗಿತೇನ್ರಿ?"

"ಕೂಗಿತು!"

"ಹ್ಯಾಂಗ ಕೂಗಿತು?" ಎನ್ನುತ್ತ ತನ್ನ ಒರಟು ಅಂಗೈಯನ್ನು ನನ್ನ ಗಂಟಲಿನ ಮೇಲೆ ಇಟ್ಟ. "ಕೂಗಿ ತೋರಸ್ರಿ."

ಕೋಟು ಟೋಪಿ ಹಾಕಿದ ಮಾಸ್ತರನಾದ ನಾನು ಕಣ್ಣು ಮುಚ್ಚಿ ನವಿಲಿನಂತೆ ಕಿರುಚಿದೆ. ದಿಬ್ಬದ ಮೇಲಿನ ಆಡುಗಳು ದಿಕ್ಕಾಪಾಲಾದವು. ಅಜ್ಜ ಮುಖ ಗಂಟು ಹಾಕಿದ.

"ನಾ ಸಣ್ಣಾವಿದ್ದಾಗ ಕೇಳೇನ್ರಿ. ಇದು ನವಿಲಲ್ಲ, ನೆಗಡಿ ಬಂದ ಬೆಕ್ಕು."

ಅಷ್ಟರಲ್ಲಿ ಅಂಚಿನ ಮೇಲಿನ ನವಿಲು ನನಗೆ ಉತ್ತರ ಕೊಟ್ಟಿತು. ನಾನು ಬೆರಳು ಮಾಡಿ ತೋರಿಸಿದೆ. ಅಜ್ಜ ಅದನ್ನು ನೋಡಿದ, ನನ್ನನ್ನು ನೋಡಿದ, ನಕ್ಕು ನಕ್ಕು ನನ್ನನ್ನೂ ಎಳೆದುಕೊಂಡು ಕೆಸರಿನಲ್ಲಿ ಕುಳಿತೇಬಿಟ್ಟ. ಆದರೆ ಕೈ ಗಂಟಲಿನಿಂದ ತೆಗೆಯಲಿಲ್ಲ.

"ಇನ್ನೊಮ್ಮೆ ಕೂಗ್ರಿ ಮಾಸ್ತರ."

ಒಂಬತ್ತು ಸಲ ಕೂಗಿದೆ.

ದಸರೆ ಮುಗಿದ ಮೇಲೆ, ರಟ್ಟೀಹಳ್ಳಿಯ ಕಡೆ ಇಂಥದೇ ಬೋಳು ಖಣಿಯೊಂದಿದೆಯೆಂದು ಕೇಳಿ ಅಜ್ಜ ಹೊರಟುಹೋದ. ಹಿರೇಕೆರೂರಿನವರೆಗೂ ವಿಚಾರಿಸಿದೆ, ಸುಳಿವಿಲ್ಲ. ನವೆಂಬರಿನಲ್ಲಿ ನಮ್ಮ ಖಣಿಯ ಬಸರಿಗಿಡಗಳ ಕೆಳಗೆ ಒಂದು ಹೆಣ್ಣು ನವಿಲು, ಅದರ ಹಿಂದೆ ನಾಲ್ಕು ಮರಿ ಕಂಡೆ. ಈ ಸುದ್ದಿ ಅವನಿಗೆ ಮುಟ್ಟಿಲ್ಲ. ಇದನ್ನು ಓದಿದವರಲ್ಲಿ ಅವನಿರುವ ಊರು ಬಲ್ಲವರು ದಯವಿಟ್ಟು ಯಲವಿಗಿ ಶಾಲೆಗೆ ಒಂದು ಕಾರ್ಡು ಬರೆಯಿರಿ. ಹೇಳಲು ನಾನೇ ಬರುತ್ತೇನೆ.