ನೀರಿನಿಂದ ಏಳದ ವಿಮಾನ

ನವರಾತ್ರಿಯ ಪಾಡ್ಯಕ್ಕೆ ಎರಡು ದಿನ ಮೊದಲು ಅಟ್ಟದಿಂದ ಗೊಂಬೆಗಳ ಪೆಟ್ಟಿಗೆಗಳನ್ನು ಇಳಿಸುವುದು ನಮ್ಮ ಮನೆಯ ಪದ್ಧತಿ. ಈ ವರ್ಷವೂ ಸೊಸೆ ಅವನ್ನು ಇಳಿಸಿ, ಹಳೆಯ ಪಂಚೆಯ ಚೂರುಗಳಲ್ಲಿ ಸುತ್ತಿಟ್ಟಿದ್ದ ಪಟ್ಟದ ಗೊಂಬೆಗಳನ್ನೂ ಶೆಟ್ಟಿ ದಂಪತಿಯನ್ನೂ ಒಂದೊಂದಾಗಿ ಬಿಚ್ಚಿ ಒರೆಸುತ್ತಿದ್ದಳು. ನಾನು ಪಕ್ಕದ ಕುರ್ಚಿಯಲ್ಲಿ ಕುಳಿತು, ಎಂಬತ್ತು ದಾಟಿದವನಿಗೆ ಉಳಿದಿರುವ ಒಂದೇ ಉದ್ಯೋಗವಾದ ಸಲಹೆ ಕೊಡುವ ಕೆಲಸವನ್ನು ಶ್ರದ್ಧೆಯಿಂದ ನಡೆಸುತ್ತಿದ್ದೆ. ಎಷ್ಟೋ ವರ್ಷದಿಂದ ಬಿಚ್ಚದೆ ಬಿಟ್ಟಿದ್ದ ಕೊನೆಯ ಪೆಟ್ಟಿಗೆಯ ತಳದಿಂದ ಅವಳು ಮೊಳದುದ್ದದ, ಬೂದು ಬಣ್ಣದ ಒಂದು ವಸ್ತುವನ್ನು ಎತ್ತಿ ಹಿಡಿದಳು. ಒಂದರ ಮೇಲೊಂದು ಎರಡು ರೆಕ್ಕೆ. ನಡುವೆ ಕೆಲವು ಕಡಿದುಹೋದ ದಾರಗಳು. ಚಕ್ರವಿರಬೇಕಾದಲ್ಲಿ ಎರಡು ಪುಟ್ಟ ದೋಣಿಗಳು.

“ಮಾವ, ಇದು ವಿಮಾನವೋ ದೋಣಿಯೋ? ಯಾವ ಸಾಲಿನಲ್ಲಿ ಇಡಲಿ?”

“ಅದನ್ನು ಇಡಬೇಡಮ್ಮ. ಇಲ್ಲಿ ಕೊಡು” ಎಂದೆ. ದನಿ ಒರಟಾಗಿತ್ತೆಂದು ಕಾಣುತ್ತದೆ. ಅವಳು ಅದನ್ನು ನನ್ನ ತೊಡೆಯ ಮೇಲಿಟ್ಟು ಹೋದಳು. ಇಪ್ಪತ್ತೈದು ವರ್ಷದ ಹಿಂದೆ ಹಚ್ಚಿದ ಅರಗು ಇನ್ನೂ ಹೊಳೆಯುತ್ತಿತ್ತು. ಚನ್ನಪಟ್ಟಣದ ಅರಗು ಮಾಸುವುದಿಲ್ಲವೆಂದು ನಾವು ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅಂದು ಆ ಹೆಮ್ಮೆ ನನಗೆ ಶಿಕ್ಷೆಯಂತೆ ಕಂಡಿತು.

ಓದುವ ಮಹನೀಯರೇ, ಈ ವಿಮಾನದ ಕಥೆಗೆ ಮುಂಚೆ ನನ್ನ ತಂದೆಯ ವಿಷಯ ಹೇಳಬೇಕು. ಅವರು ವೈದಿಕ ಮನೆತನದಲ್ಲಿ ಹುಟ್ಟಿಯೂ ಮಂತ್ರಕ್ಕಿಂತ ತಿರುಪುಮೊಳೆಯನ್ನು ಹೆಚ್ಚು ಪ್ರೀತಿಸಿದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮನೆಯಲ್ಲಿ ಹೇಳದೆ ವಿಮಾನ ರಿಪೇರಿಯ ಕೆಲಸ ಕಲಿತು, ಸಮುದ್ರ ದಾಟಿ ಸಿಂಹಳದ ಒಂದು ಬಂದರಿಗೆ ಹೋದರು. ಅಲ್ಲಿ ಅವರ ಪಾಲಿಗೆ ಬಂದದ್ದು ನೆಲದ ಮೇಲೆ ಇಳಿಯುವ ವಿಮಾನವಲ್ಲ; ನೀರಿನ ಮೇಲೆ ಇಳಿದು ನೀರಿನಿಂದಲೇ ಏಳುವ ವಿಮಾನ. ಬೆಳಗಾದರೆ ಅದರ ದೋಣಿಗಳೊಳಗೆ ಸೋರಿದ ನೀರನ್ನು ಪಂಪಿನಿಂದ ತೆಗೆಯುವುದು, ರೆಕ್ಕೆಗಳ ನಡುವಿನ ತಂತಿಗಳನ್ನು ಬಿಗಿ ಮಾಡುವುದು ಅವರ ಕೆಲಸ. ಯುದ್ಧ ಮುಗಿದು ಅವರು ಮರಳಿದಾಗ, ಸಮುದ್ರ ದಾಟಿದ ಮಗನನ್ನು ನನ್ನ ತಾತ ಪಂಕ್ತಿಗೆ ಸೇರಿಸಲಿಲ್ಲ. ಪ್ರಾಯಶ್ಚಿತ್ತ ಮಾಡಿಸಿ ಪಂಚಗವ್ಯ ಕೊಟ್ಟ ಮೇಲೂ ಒಂದು ವರ್ಷ ಹಿತ್ತಲಿನ ಜಗಲಿಯಲ್ಲೇ ಎಲೆ ಹಾಕಿಸಿದರು. ತಂದೆ ತಲೆ ತಗ್ಗಿಸಿ ಉಂಡರಂತೆ. ಇದೆಲ್ಲ ತಾಯಿ ಹೇಳಿ ನನಗೆ ಗೊತ್ತು; ಅವರಾಗಿ ಒಂದು ದಿನವೂ ಬಾಯಿ ಬಿಟ್ಟವರಲ್ಲ. ನಾನಾದರೋ ಸಂಸ್ಕೃತದ ಮೇಷ್ಟ್ರಾದ ಮೇಲೆ ತಾತನ ಆಚಾರನಿಷ್ಠೆಯನ್ನು ನಾಲ್ಕು ಜನರ ಮುಂದೆ ಹೊಗಳಿದ್ದುಂಟು. ತಂದೆ ಅದೇ ಕೋಣೆಯಲ್ಲಿ ಕುಳಿತಿರುತ್ತಿದ್ದರು ಎಂಬುದು ಆಗ ನನಗೆ ತೋಚುತ್ತಿರಲಿಲ್ಲ.

ಎಂಬತ್ತರ ಹತ್ತಿರ ಬರುವಾಗ ತಂದೆಯ ಕಣ್ಣುಗಳೆರಡೂ ಹೋದವು. ಒಂದು ಸಂಜೆ ನನ್ನ ಮೊಮ್ಮಗಳು ಬಿಟ್ಟುಹೋಗಿದ್ದ ಮರದ ವಿಮಾನವೊಂದು ಅವರ ಕೈಗೆ ಸಿಕ್ಕಿತು. ಅದನ್ನು ತಡವಿ, “ಚಕ್ರ ಇದೆಯಲ್ಲೋ ಇದಕ್ಕೆ. ನಮ್ಮದಕ್ಕೆ ಚಕ್ರ ಇರಲಿಲ್ಲ” ಎಂದರು. ಆಮೇಲೆ ಒಂದು ಗಂಟೆ ಮಾತಾಡಿದರು. ಐವತ್ತೈದು ವರ್ಷ ಮುಚ್ಚಿಟ್ಟಿದ್ದ ಬಾಯಿ! ಕೊನೆಗೆ, “ಅದನ್ನ ಇನ್ನೊಂದು ಸಲ ಮುಟ್ಟಬೇಕು ಅನ್ನಿಸುತ್ತೆ ಕಣೋ. ಕಣ್ಣಂತೂ ಇಲ್ಲ, ಮುಟ್ಟಿದರೆ ಸಾಕು” ಎಂದರು. ಅವರು ನನ್ನಿಂದ ಏನನ್ನಾದರೂ ಬೇಡಿದ್ದು ಅದೊಂದೇ.

ಮರುದಿನವೇ ಬಷೀರ್ ಸಾಬರ ಲೇತಿನ ಮನೆಗೆ ಹೋದೆ. ಊರಿನಲ್ಲಿ ಅವರಿಗಿಂತ ನುಣುಪಾಗಿ, ಗೊಂಬೆಗೆ ಬಳಸುವ ಆಲೆ ಮರವನ್ನು ಕಡೆಯುವವರಿರಲಿಲ್ಲ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಕೇದಗೆಯ ಗರಿಯಿಂದ ಉಜ್ಜಿದರೆಂದರೆ ಮುಖ ನೋಡಿಕೊಳ್ಳಬಹುದು.

“ಬೂದಿ ಬಣ್ಣನಾ ಮೇಷ್ಟ್ರೇ?” ಎಂದು ಅವರು ನಕ್ಕರು. “ನಮ್ಮಪ್ಪನ ಕಾಲ್ದಿಂದ ಇಲ್ಲಿ ಯಾರೂ ಬೂದಿ ಬಣ್ಣದ ಸಾಮಾನು ಕೇಳಿಲ್ಲ. ಒಸಿ ಕೆಂಪು ಹಾಕ್ಬುಡ್ಲಾ? ಲಕ್ಷಣವಾಗಿರ್ತದೆ.”

“ಯುದ್ಧದ ವಿಮಾನ ಸಾಬರೇ, ಮದುವಣಗಿತ್ತಿಯಲ್ಲ.”

“ಆಯ್ತು ಬುಡಿ. ದೊಡ್ಡೋರ ಕೈಗೆ ಹೋಗೋದು. ಅವರು ಹೇಳ್ದಂಗೇ ಆಗ್ಲಿ.”

ಎರಡು ತಿಂಗಳು ನಾನು ದೂತನಾದೆ. ತಂದೆ ಬೆರಳಿನಿಂದ ಅಳತೆ ತೋರಿಸುವುದು, ನಾನು ಅದನ್ನು ಕಾಗದದ ಪಟ್ಟಿಯಲ್ಲಿ ಗುರುತು ಮಾಡಿ ಸಾಬರಿಗೆ ಒಯ್ಯುವುದು, ಅವರು ಮಾಡಿಕೊಟ್ಟದ್ದನ್ನು ತಂದು ತಂದೆಯ ಕೈಯಲ್ಲಿಡುವುದು. ಸಾಬರು ಚಾಲಕನನ್ನು ಗುಂಡು ತಲೆಯ, ಗುಂಡು ಹೊಟ್ಟೆಯ ಗೊಂಬೆಯಾಗಿಯೇ ಕಡೆದರು. ಬೇರೆ ರೀತಿಯ ಮನುಷ್ಯನನ್ನು ಅವರ ಲೇತು ಕಂಡಿರಲಿಲ್ಲ. ತಂದೆ ಅವನ ಹೊಟ್ಟೆ ಸವರಿ, “ಇವನನ್ನ ಹೊತ್ತುಕೊಂಡು ವಿಮಾನ ಏಳುತ್ತೇನೋ?” ಎಂದು ನಕ್ಕರು. ತಂತಿಗಳು ಮಾತ್ರ ನನ್ನ ಪಾಲಿನ ಕೆಲಸ. ರಾಮನಗರದ ಪರಿಚಿತರೊಬ್ಬರಿಂದ ಹಸಿ ರೇಷ್ಮೆಯ ಎಳೆ ತಂದು, ಜನಿವಾರ ಹೊಸೆಯುವ ತಕಲಿಯಲ್ಲೇ ಹೊಸೆದು, ಗಂಜಿ ಹಚ್ಚಿ ಬಿಗಿದೆ. ತಂದೆ ಅವನ್ನು ಉಗುರಿನಿಂದ ಮೀಟಿ, ಕಿವಿ ಹತ್ತಿರ ತಂದು ಕೇಳಿ, “ಎಡಗಡೇದು ಸಡಿಲ. ಬಿಚ್ಚು” ಎನ್ನುವರು. ಒಂದೇ ತಂತಿಯನ್ನು ಹನ್ನೊಂದು ಸಲ ಬಿಚ್ಚಿದ್ದೇನೆ. ಶಾಲೆಯಲ್ಲಿ ತಪ್ಪು ಮಾಡಿದ ಮಕ್ಕಳಿಂದ ನಾನು ನೂರು ಸಲ ಬರೆಸಿದ್ದರ ಫಲವನ್ನು ಭಗವಂತ ಈ ರೂಪದಲ್ಲಿ ಕೊಟ್ಟನೆಂದುಕೊಂಡೆ. ಅವು ನಮ್ಮಿಬ್ಬರ ಬಾಳಿನ ಅತ್ಯಂತ ಸುಖದ ದಿನಗಳು. ಅಲ್ಲಿಗೇ ನಿಲ್ಲಿಸುವಂತಿದ್ದರೆ ಈ ಬರಹ ಎಷ್ಟು ಸೊಗಸಾಗಿರುತ್ತಿತ್ತು!

ದೋಣಿಗಳು ಬಂದಾಗ ತೊಡಕು ಶುರುವಾಯಿತು. ಸಾಬರು ಅವನ್ನು ಮೀನಿನಂತೆ ನುಣ್ಣಗೆ ಕಡೆದಿದ್ದರು. ತಂದೆ ತಳವನ್ನು ಸವರಿ ತಲೆಯಾಡಿಸಿದರು.

“ಕಚ್ಚು ಎಲ್ಲಿ? ತಳದಲ್ಲಿ ಅಡ್ಡಲಾಗಿ ಒಂದು ಕಚ್ಚು ಇರಬೇಕು. ತಳ ನುಣ್ಣಗಿದ್ದರೆ ಎಷ್ಟು ಜೋರಾಗಿ ಓಡಿದರೂ ನೀರು ಅಂಟಿಕೊಂಡೇ ಇರುತ್ತೆ, ಬಿಡೋದಿಲ್ಲ. ಕಚ್ಚಿನಲ್ಲಿ ಗಾಳಿ ನುಗ್ಗಿ ನೀರನ್ನ ಬಿಡಿಸುತ್ತೆ. ಆಗಲೇ ಏಳೋದು.” ನನ್ನ ಮುಂಗೈಯನ್ನೇ ದೋಣಿ ಮಾಡಿಕೊಂಡು, ನಡುಭಾಗದಲ್ಲಿ ಎಲ್ಲೋ ಉಗುರಿನಿಂದ ಗೆರೆ ಎಳೆದರು. ನನಗೆ ಅರ್ಥವಾಗಲಿಲ್ಲವೆಂಬುದು ಅವರಿಗೆ ಅರ್ಥವಾಯಿತು. “ನಿನ್ನ ಕೈಲಿ ಆಗೋಲ್ಲ. ಸಾಬರನ್ನ ಕರ್ಕೊಂಡು ಬಾ. ಅವರ ಕೈ ಹಿಡಿದು ತೋರಿಸ್ತೀನಿ.”

ಲೇತಿನ ಮನೆಯಲ್ಲಿ ಸಾಬರೂ ಅದನ್ನೇ ಹೇಳಿದರು. “ಇದು ಲೇತಲ್ಲಿ ಬರಲ್ಲ ಮೇಷ್ಟ್ರೇ, ಉಳೀಲಿ ಕೊರೀಬೇಕು. ಒಂದು ನೂಲು ಹೆಚ್ಚುಕಮ್ಮಿ ಆದ್ರೂ ಕೆಟ್ಟೋಯ್ತದೆ. ನಾನೇ ಒಂದ್ಸಲ ಬತ್ತೀನಿ. ಹತ್ತು ನಿಮಿಷ. ದೊಡ್ಡೋರ ಬೆರಳು ಎಲ್ಲಿ ನಿಲ್ತದೆ ನೋಡ್ಕಂಡು ಬಂದ್ಬುಡ್ತೀನಿ.”

ಇಬ್ಬರೂ ಕರೆಯುತ್ತಿದ್ದಾರೆ. ನಡುವೆ ಇದ್ದವನು ನಾನೊಬ್ಬ. ತಂದೆಯ ಕೋಣೆಗೆ ಹೋಗಲು ನಡುಮನೆ ದಾಟಿ, ದೇವರ ಮನೆಯ ಬಾಗಿಲ ಮುಂದೆಯೇ ಸಾಗಬೇಕು. ನನ್ನ ಹೆಂಡತಿ, “ಅದಕ್ಕೇನು, ಬರಲಿ ಬಿಡಿ” ಎಂದಳು. ನನಗೆ ಮನಸ್ಸು ಬರಲಿಲ್ಲ. ಸಾಬರ ಕೈಯ ಕೆಲಸ ಒಳಗೆ ಬರಬಹುದು, ನವರಾತ್ರಿಯಲ್ಲಿ ಅವರು ಕಡೆದ ಗೊಂಬೆಗಳಿಗೆ ನಾನೇ ಆರತಿ ಎತ್ತಬಹುದು. ಅವರ ಕಾಲು ಮಾತ್ರ ಹೊಸ್ತಿಲು ದಾಟಬಾರದು. ಇದನ್ನು ಶಾಸ್ತ್ರವೆಂದು ಕರೆದುಕೊಂಡೆ. ಯಾವ ಶಾಸ್ತ್ರದಲ್ಲಿದೆ ಎಂದು ನಾನು ಹುಡುಕಲಿಲ್ಲ. ಯಾರೂ ಕೇಳಲಿಲ್ಲ.

ಸಾಬರಿಗೆ, “ಅಪ್ಪನಿಗೆ ಜ್ವರ, ಯಾರನ್ನೂ ನೋಡುವ ಸ್ಥಿತಿಯಲ್ಲಿಲ್ಲ” ಎಂದೆ. ತಂದೆಗೆ, “ಸಾಬರಿಗೆ ಪುರುಸೊತ್ತಿಲ್ಲವಂತೆ, ಬರುವುದಿಲ್ಲವೆಂದರು” ಎಂದೆ. ತಂದೆ ಇನ್ನೂ ಎರಡು ಸಲ ಕೇಳಿದರು. ಎರಡು ಸಲವೂ ಅದೇ ಉತ್ತರ ಕೊಟ್ಟೆ. ಕಚ್ಚು ನಡುವೆ ಸರಿಯಾಗಿ ಎಲ್ಲಿರಬೇಕೆಂಬುದು ನನಗೆ ತಿಳಿದಿರಲಿಲ್ಲ. ಮತ್ತೆ ಕೇಳಲು ನಾಚಿಕೆ. ಅಂಥ ಗಾಯವನ್ನು ನಡುವೆ ಮಾಡಿದರೆ ದೋಣಿಯ ಲಕ್ಷಣ ಕೆಡುತ್ತದೆ, ಬಾಲದ ಕಡೆ ಮರೆಯಲ್ಲಿದ್ದರೆ ಲೇಸು ಎಂದು ನನ್ನ ಪಾಂಡಿತ್ಯ ತೀರ್ಮಾನಿಸಿತು. ಹಾಗೆಯೇ ಗುರುತು ಮಾಡಿಕೊಟ್ಟು, ತಂದೆಯೇ ಹೇಳಿದರೆಂದು ಸೇರಿಸಿದೆ. ವಾರದ ಮೇಲೆ ದೋಣಿಗಳನ್ನು ಸಾಬರು ಬೇರೆಯವರ ಕೈಲಿ ಕಳಿಸಿದರು. ನಾನು ಅವನ್ನು ಜೋಡಿಸಿ, ಇಡೀ ವಿಮಾನವನ್ನು ತಂದೆಯ ತೊಡೆಯ ಮೇಲಿಟ್ಟೆ.

ಅವರ ಬೆರಳುಗಳು ಮೂತಿಯಿಂದ ಹೊರಟವು. ರೆಕ್ಕೆ, ತಂತಿ, ಡೊಳ್ಳು ಹೊಟ್ಟೆಯ ಚಾಲಕ. ಮುಖ ಅರಳುತ್ತಾ ಬಂತು. ಆಮೇಲೆ ಕೈ ದೋಣಿಯ ತಳಕ್ಕೆ ಇಳಿಯಿತು. ನಡುವೆ ಹುಡುಕಿತು. ಮತ್ತೆ ಹುಡುಕಿತು. ಬಾಲದ ಹತ್ತಿರ ಹೋಗಿ ನಿಂತಿತು.

“ಇದು ನೀರಿನಿಂದ ಏಳಲ್ಲ” ಎಂದರು.

ಕಚ್ಚಿನ ಮೇಲೆ ಬೆರಳಿಟ್ಟುಕೊಂಡೇ ಕೇಳಿದರು: “ಸಾಬರು ಬರೋದಿಲ್ಲ ಅಂದ್ರೋ, ನೀನು ಬೇಡ ಅಂದ್ಯೋ?”

ನಾನು ತಂತಿಯೊಂದನ್ನು ಸರಿಪಡಿಸುವವನಂತೆ ಬಾಗಿದೆ. ಕುರುಡರ ಮುಂದೆ ಹೀಗೆ ನಟಿಸಿ ತಪ್ಪಿಸಿಕೊಳ್ಳಬಹುದೆಂದು ಭಾವಿಸುವವನಷ್ಟು ಮೂಢ ಇನ್ನೊಬ್ಬನಿಲ್ಲ.

“ನಮ್ಮಪ್ಪ ನನಗೆ ಹಿತ್ತಲಾದರೂ ಕೊಟ್ಟಿದ್ದರು” ಎಂದರು ತಂದೆ. “ನೀನು ಸಾಬರಿಗೆ ಅದನ್ನೂ ಕೊಡಲಿಲ್ಲ.” ವಿಮಾನವನ್ನು ನನ್ನ ಕಡೆ ಸರಿಸಿ ಗೋಡೆಯ ಕಡೆ ಹೊರಳಿದರು. ಮಾಘದಲ್ಲಿ ತೀರಿಕೊಂಡರು. ಅಲ್ಲಿಯವರೆಗೆ ಮತ್ತೆ ಅದನ್ನು ಕೇಳಲಿಲ್ಲ. ಅವರ ಕರ್ಮಗಳನ್ನೆಲ್ಲ ನಾನು ಒಂದೂ ಲೋಪವಿಲ್ಲದೆ ನಡೆಸಿದೆನೆಂದು ಊರೆಲ್ಲ ಹೊಗಳಿತು.

ಈ ನವರಾತ್ರಿಯ ಮೊದಲ ದಿನ ಪೂಜೆ ಮುಗಿಸಿ, ವಿಮಾನವನ್ನು ಟವೆಲಿನಲ್ಲಿ ಸುತ್ತಿಕೊಂಡು ಆಟೋದಲ್ಲಿ ಬಷೀರ್ ಸಾಬರ ಮನೆಗೆ ಹೋದೆ. ಈ ವರ್ಷಗಳಲ್ಲಿ ದಾರಿಯಲ್ಲಿ ಕಂಡಾಗ ಕೈಮುಗಿದದ್ದುಂಟು, ನಿಂತು ಮಾತಾಡಿದ್ದಿಲ್ಲ. ಅವರು ಮನೆಯ ಮುಂದೆ ಮಂಚದ ಮೇಲೆ ಕುಳಿತಿದ್ದರು. ಬೆರಳುಗಳ ಗೆಣ್ಣು ಊದಿ, ಉಳಿ ಹಿಡಿಯುವುದನ್ನು ಬಿಟ್ಟು ಹತ್ತು ವರ್ಷವಾಯಿತಂತೆ. ನಾನು ನಿಂತೇ ಹೇಳಿದೆ: “ಸಾಬರೇ, ಅವತ್ತು ಅಪ್ಪನಿಗೆ ಜ್ವರವಿರಲಿಲ್ಲ. ಅವರು ನಿಮ್ಮನ್ನು ಕರೆದಿದ್ದರು.”

“ಗೊತ್ತು ಮೇಷ್ಟ್ರೇ.”

“ಹೇಗೆ?”

“ಜ್ವರ ಅಂದ್ರಲ್ಲ, ನೋಡ್ಕಂಡು ಹೋಗವಾ ಅಂತ ಬಂದಿದ್ದೆ. ದೋಣೀನೂ ಜೇಬಲ್ಲಿತ್ತು. ನಿಮ್ ಗೇಟತ್ರ ನಿಂತಿದ್ದೆ, ದೊಡ್ಡೋರ ರೂಮಿನ ಕಿಟಕಿ ತೆಗೆದಿತ್ತು. ‘ಸಾಬರು ಬಂದ್ರೇನೋ’ ಅಂತ ಅವರು ಕೇಳಿದ್ರು. ಪುರುಸೊತ್ತಿಲ್ವಂತೆ ಅಂದ್ರಿ ನೀವು. ಹಂಗೇ ತಿರುಗ್ಕಂಡೆ.”

ಅವರು ವಿಮಾನವನ್ನು ಇಸಿದುಕೊಂಡು ಮಗುಚಿದರು. ಊದಿದ ಹೆಬ್ಬೆರಳನ್ನು ಬಾಲದ ಕಚ್ಚಿನ ಮೇಲಿಟ್ಟರು.

“ನೀವು ಗುರುತು ಹಾಕಿದ್ದ ಜಾಗ ತಪ್ಪು ಅಂತ ನಂಗೆ ಕೈಯಲ್ಲೇ ತಿಳೀತು. ನೀರು ಅಲ್ಲಿ ಬಿಡಲ್ಲ. ನಮ್ ಕೆರೇಲಿ ತೇಲಿಬಿಟ್ಟು ಎಳೆದು ನೋಡಿದ್ರೂ ಗೊತ್ತಾಯ್ತದೆ. ಆದ್ರೂ ಅಲ್ಲೇ ಕೊರ್ದೆ. ನಿಮ್ ಮ್ಯಾಲಿನ ಸಿಟ್ಟು. ಸಿಟ್ಟನ್ನ ಆ ಕಣ್ಣಿಲ್ದೋರ ಮ್ಯಾಲೆ ತೀರಿಸ್ಕಂಡೆ. ನಲವತ್ತು ವರ್ಷ ಕೆಲ್ಸ ಮಾಡಿವ್ನಿ, ತಪ್ಪು ಅಂತ ಗೊತ್ತಿದ್ದೂ ಮಾಡಿದ್ದು ಇದೊಂದೇ.”

ಆಮೇಲೆ ತಲೆಯೆತ್ತಿ, “ಮುಟ್ಟಿ ನೋಡಿ ಏನಂದ್ರು ದೊಡ್ಡೋರು?” ಎಂದರು.

ಚೆನ್ನಾಗಿದೆ ಅಂದರು ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಎಷ್ಟು ಸಲೀಸಾಗಿ ಬಂದಿತ್ತೆಂದರೆ, ಅದನ್ನು ತಡೆಯಲು ನಾನು ಅವರ ಮಂಚದ ಕಾಲನ್ನು ಹಿಡಿದುಕೊಳ್ಳಬೇಕಾಯಿತು.

“ಇದು ನೀರಿನಿಂದ ಏಳಲ್ಲ ಅಂದರು. ತಪ್ಪು ನನ್ನದೆಂದೂ ಅವರಿಗೆ ತಿಳಿಯಿತು. ನಿಮ್ಮನ್ನು ಏನೂ ಅನ್ನಲಿಲ್ಲ.”

“ಅನ್ಬೇಕಿತ್ತು” ಎಂದರು ಬಷೀರ್ ಸಾಬರು. ವಿಮಾನವನ್ನು ನನ್ನ ಕೈಗೆ ಮರಳಿಸಿ, ಊರುಗೋಲು ಹಿಡಿದು ಎದ್ದು ಮನೆಯೊಳಗೆ ಹೋದರು. ಬಾಗಿಲು ತೆರೆದೇ ಇತ್ತು. ಒಳಗೆ ಬನ್ನಿ ಎಂದು ಅವರು ಕರೆಯಲಿಲ್ಲ. ಕರೆದಿದ್ದರೆ ಹೋಗುತ್ತಿದ್ದೆ ಎಂದು ಈಗ ಬರೆಯುವುದು ಸುಲಭ.