ಟಚ್‌ಪ್ಯಾಡಿಗೊಂದು ಅಂಗಿ

"ನಿನ್ನಿಂದ ಡಿಗ್ರಿ ಆಗುದಿಲ್ಲ ಮಾರಾಯ್ತಿ" ಎಂದದ್ದು ಅರಂತೋಡಿನ ನನ್ನ ಸೋದರಮಾವ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಸಂಜೆಗೆ ಮಳೆ ಉಂಟು ಎನ್ನುವ ದನಿಯಲ್ಲೇ ಹೇಳಿದ್ದು. ಸುಳ್ಯದ ದಾರಿಯಲ್ಲಿ ಜೀಪು ಓಡಿಸುವ ಮಾವನಿಗೆ ಯಾವ ಗಾಡಿ ಗುಡ್ಡ ಹತ್ತುತ್ತದೆ, ಯಾವುದು ಅರ್ಧದಲ್ಲಿ ನಿಲ್ಲುತ್ತದೆ ಎಂದು ಸದ್ದಿನಲ್ಲೇ ತಿಳಿಯುತ್ತದಂತೆ. ನನ್ನದು ಅರ್ಧದಲ್ಲಿ ನಿಲ್ಲುವ ಸದ್ದು.

ಇದು ಇವತ್ತು ನೆನಪಾದದ್ದು, ಬೆಳಿಗ್ಗೆ ಲ್ಯಾಪ್‌ಟಾಪಿನ ಟಚ್‌ಪ್ಯಾಡಿಗೆ ಅಂಟಿಸಿದ್ದ ಸವೆದ ಹಾಳೆಯನ್ನು ಉಗುರಿನಲ್ಲಿ ಎಬ್ಬಿಸಿ ತೆಗೆಯುವಾಗ. ಬಿಟ್ಟು ಬರುವಾಗ ಅದು ಸಣ್ಣಗೆ ಚರ್ರ್ ಎನ್ನುತ್ತದೆ. ಆ ಸದ್ದು ಕೇಳಿದರೆ ನನಗೆ ಈಗಲೂ ಎದೆ ಹಗುರಾಗುತ್ತದೆ. ಇದೆಂತ ಹುಚ್ಚು ಎನ್ನಬೇಡಿ. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ಕಾಣಿಯೂರಿನ ಹತ್ತಿರ ನಮ್ಮದು ಬೀಡಿ ಕಟ್ಟುವ ಮನೆ. ಅಮ್ಮನ ಮಡಿಲಲ್ಲಿ ಎಲೆ, ಪುಡಿ ಹರಡಿದ ಮೊರದಂಥ ಗೆರಸೆ ಇಲ್ಲದ್ದನ್ನು ನಾನು ಕಂಡದ್ದೇ ಕಡಿಮೆ. ಎಲೆ ಕತ್ತರಿಸಿ, ಪುಡಿ ತುಂಬಿ, ಸುರುಳಿ ಮಾಡಿ, ನೂಲು ಸುತ್ತಿ ಸುತ್ತಿ ಅವಳ ಬೆರಳ ತುದಿಯ ಗೆರೆಗಳೆಲ್ಲ ಅಳಿಸಿಹೋಗಿವೆ. ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆರಳನ್ನು ಒಪ್ಪುವುದೇ ಇಲ್ಲ. ಸೆರಗಿನಲ್ಲಿ ಒರೆಸಿ ಒತ್ತಿ, ತಲೆಯ ಎಣ್ಣೆ ಸವರಿ ಒತ್ತಿ, ಕೊನೆಗೆ ಅಮ್ಮ ಯಂತ್ರಕ್ಕೇ ಹೇಳುವುದುಂಟು: "ನಾನೇ ಮಾರಾಯ, ಬೇರೆ ಯಾರೂ ಅಲ್ಲ." ಪಿಯುಸಿ ಮುಗಿಸಿ ಕೆಲವು ವರ್ಷ ನಾನೂ ಅವಳೆದುರು ಇನ್ನೊಂದು ಗೆರಸೆ ಹಿಡಿದು ಕೂತವಳು. ನನ್ನ ಬೆರಳೂ ಅವಳದ್ದೇ ಆಯಿತು.

ಆಮೇಲೆ ಹಟ ಹಿಡಿದು ಪುತ್ತೂರಿನ ಕಾಲೇಜಿಗೆ ಬಿ.ಕಾಂ.ಗೆ ಸೇರಿದೆ. ಬೆಂಚಿನಲ್ಲಿ ಕೂತಿದ್ದ ಹುಡುಗಿಯರು ಮೊದಲ ದಿನ ನನ್ನನ್ನು ಲೆಕ್ಚರರ್ ಎಂದುಕೊಂಡು ಎದ್ದು ನಿಂತಿದ್ದರು. ಕೂತುಕೊಳ್ಳಿ ಎಂದು ಗಂಭೀರವಾಗಿ ಕೈಮಾಡಿ ನಾನೂ ಅವರ ಪಕ್ಕದಲ್ಲೇ ಕೂತೆ.

ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ವರದಿ. ಟೈಪ್ ಮಾಡಿ, ಕೋಷ್ಟಕ ಹಾಕಿ, ಆನ್‌ಲೈನಿನಲ್ಲಿ ಸಲ್ಲಿಸಬೇಕು. ತಪ್ಪಿದರೆ ಮುಂದಿನ ವರ್ಷ ಎಂದರು. ನಮ್ಮಂಥ ಮನೆಯಲ್ಲಿ ಮುಂದಿನ ವರ್ಷ ಎಂದರೆ ಇಲ್ಲ ಎಂದೇ ಅರ್ಥ. ಮಾವ ಆಗಲೇ ಒಂದು ಸಂಬಂಧ ನೋಡಿ ಇಟ್ಟಿದ್ದ. ಅಮ್ಮನ ಬೆನ್ನು ಕೂತಲ್ಲೇ ಬಾಗಲು ಸುರುವಾಗಿತ್ತು.

ನನ್ನ ಲ್ಯಾಪ್‌ಟಾಪು ಯಾವುದೋ ಆಫೀಸಿನಲ್ಲಿ ದುಡಿದು ನಿವೃತ್ತಿಯಾಗಿ ನಮ್ಮ ಮನೆಗೆ ಬಂದದ್ದು. ಮೌಸ್ ಸಿಕ್ಕಿಸುವ ತೂತುಗಳಲ್ಲಿ ಇರುವೆ ಗೂಡು ಕಟ್ಟಿ ಆ ತೂತುಗಳು ಎಂದೋ ಕೆಟ್ಟುಹೋಗಿದ್ದವು. ಉಳಿದದ್ದು ಟಚ್‌ಪ್ಯಾಡು. ಅದೂ ನಡುವೆ ಸವೆದು, ಕೊಬ್ಬರಿ ಎಣ್ಣೆ ಹಚ್ಚಿದ ಹಾಗೆ ಮಿರಮಿರ. ಬೆರಳು ನಯ, ಹಲಗೆಯೂ ನಯ. ಬೇಸಿಗೆಯ ಬೆವರು ಬೇರೆ. ಬೆರಳು ಒಮ್ಮೆ ಅಂಟಿ ನಿಲ್ಲುವುದು, ಒಮ್ಮೆ ಜಾರಿ ಹೋಗುವುದು. ಉಳಿಸು ಎಂಬಲ್ಲಿ ಒತ್ತಲು ಹೋದರೆ ಅಳಿಸು ಎಂಬಲ್ಲಿ ಒತ್ತುವುದು. ಒಂದು ಮಧ್ಯಾಹ್ನ ಇಡೀ ಅಧ್ಯಾಯವೇ ಹೀಗೆ ಹೋಯಿತು. ಅಂದು ನಾನು ಅತ್ತದ್ದು ನಿಜ. ಕಣ್ಣಿಗೆ ಹೊಗೆಸೊಪ್ಪಿನ ಪುಡಿ ಬಿತ್ತು ಎಂದೆ. ಅಮ್ಮ ನಂಬಲಿಲ್ಲ.

ಮೇಲೆ ಒರಟಾದ ಏನಾದರೂ ಹೊದೆಸಿದರೆ ಬೆರಳಿಗೆ ಹಿಡಿತ ಸಿಕ್ಕೀತು ಎಂದು ಹೊಳೆಯಿತು. ಬೀಡಿ ಮನೆಯವಳಿಗೆ ಒರಟು ಎಂದರೆ ಮೊದಲು ನೆನಪಾಗುವುದೇನು? ಎಲೆ. ಚೆಂದದ ನರ ಇರುವ ಎರಡು ಎಲೆ ಆರಿಸಿ, ಅಂಚು ಕೂಡಿಸಿ ಅಂಟಿಸಿದೆ. ಬೀಡಿ ಎಲೆಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸುತ್ತೇವಲ್ಲ, ಅದು ಹಸಿ ಎಂಬುದು ತಲೆಗೇ ಹೋಗಲಿಲ್ಲ. ಪರದೆಯ ಮೇಲಿನ ಬಾಣ ಮೈಮೇಲೆ ದೈವ ಬಂದ ಹಾಗೆ ನಲಿಯತೊಡಗಿತು. ತನ್ನಷ್ಟಕ್ಕೇ ಕ್ಯಾಲ್ಕುಲೇಟರ್ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಆಗಲೇ ಮಾವ ಬಂದು ನಿಲ್ಲಬೇಕೆ. ನೋಡಿದ, ಅವಸರವಿಲ್ಲದೆ ಹೇಳಿದ: "ಎಲೆ ಇಟ್ಟಾಯ್ತಲ್ಲ. ಇನ್ನು ಪುಡಿ ತುಂಬಿ ನೂಲು ಸುತ್ತು, ಕಂಪೆನಿಯ ಬೀಡಿ ಬ್ರಾಂಚಿಗೆ ನಾನೇ ಮುಟ್ಟಿಸ್ತೇನೆ."

ಅಮ್ಮನೂ ನಕ್ಕಳು. ನನಗೂ ನಗು ಬಂತು, ತೋರಿಸಲಿಲ್ಲ. ಎಲೆ ಒಣಗಿಸಿ ನೋಡಿದೆ, ಪುಡಿಯಾಯಿತು. ಪುಸ್ತಕಕ್ಕೆ ಹಾಕುವ ಕಂದು ಕಾಗದ ಬೆವರು ಕುಡಿದು ಮುದುಡಿತು.

ಕಡಬ ಪೇಟೆಯಲ್ಲಿ ಹನೀಫಾಕನ ಮೊಬೈಲ್ ಅಂಗಡಿ ಉಂಟು. ಕೆಲವು ವರ್ಷ ಗಲ್ಫಿನಲ್ಲಿದ್ದು ಬಂದವರು. ಮನೆಯಲ್ಲಿ ಬ್ಯಾರಿ ಭಾಷೆ, ಗಿರಾಕಿಗಳಲ್ಲಿ ತುಳು, ಕಾಲೇಜಿನವರು ಕಂಡರೆ ಕನ್ನಡ. ಲ್ಯಾಪ್‌ಟಾಪನ್ನು ಅವರೆದುರು ತೆರೆದಿಟ್ಟು ಇದಕ್ಕೊಂದು ಒರಟಾದ ಹೊದಿಕೆ ಬೇಕು ಎಂದೆ.

"ಮೊಬೈಲಿಗೆ ಉಂಟು, ಟ್ಯಾಬಿಗೆ ಉಂಟು. ಇದಕ್ಕೆಲ್ಲ ಯಾರು ಅಂಗಿ ಹೊಲಿತಾರೆ ಮಾರಾಯ್ರೆ? ಅದು ಆಗುದಿಲ್ಲ."

ಆಗುದಿಲ್ಲ ಎಂಬ ಮಾತು ಕೇಳಿದ ಕೂಡಲೇ ನನ್ನೊಳಗೆ ಏನೋ ಸ್ಟಾರ್ಟ್ ಆಗುತ್ತದೆ. ಮೊಬೈಲಿನಲ್ಲಿ ಆಟ ಆಡುವವರು ಪರದೆಗೆ ಅಂಟಿಸುವ ಹೊಳಪಿಲ್ಲದ ಹಾಳೆಗಳು ಅಲ್ಲೇ ನೇತಾಡುತ್ತಿದ್ದವು. ಮುಟ್ಟಿ ನೋಡಿದೆ. ಸಣ್ಣ ರವೆ ಸವರಿದ ಹಾಗೆ. ಟ್ಯಾಬಿನ ಅಳತೆಯದ್ದೊಂದನ್ನು ಕೇಳಿ ತೆಗೆಸಿ, ಅಂಟಿಸದೆ ಟಚ್‌ಪ್ಯಾಡಿನ ಮೇಲೆ ಬರೇ ಇಟ್ಟು ಬೆರಳು ಎಳೆದೆ.

ಬಾಣ ನೆಟ್ಟಗೆ ಹೋಯಿತು. ಎಳೆದಲ್ಲಿಗೆ ಹೋಯಿತು, ನಿಲ್ಲಿಸಿದಲ್ಲಿ ನಿಂತಿತು. ಎಷ್ಟೋ ದಿನ ಬಿಗಿಹಿಡಿದ ಉಸಿರನ್ನು ನಾನು ಬಿಟ್ಟದ್ದು ಆ ಅಂಗಡಿಯ ಗಾಜಿನ ಮೇಜಿನ ಮುಂದೆ. ಹನೀಫಾಕ ಕನ್ನಡಕ ಸರಿಮಾಡಿಕೊಂಡು, ತಾನೂ ಇದನ್ನೇ ಹೇಳಲು ಹೊರಟದ್ದು ಎಂದರು. ಇರಲಿ ಬಿಡಿ.

ಮನೆಗೆ ಬಂದು ಬೀಡಿ ಕತ್ತರಿಯಲ್ಲೇ ಹಾಳೆಯನ್ನು ತುಂಡು ಮಾಡಿದೆ. ಅಳತೆಕೋಲು ಬೇಕಾಗಲಿಲ್ಲ. ಅಷ್ಟು ವರ್ಷ ಎಲೆ ಕತ್ತರಿಸಿದ ಕೈಗೆ ಅಳತೆ ತಿಳಿಯದೆ ಇರುತ್ತದೆಯೇ? ಒಂದು ಅಂಟಿಸಿದೆ, ಉಳಿದವನ್ನು ಪುಸ್ತಕದ ನಡುವೆ ಇಟ್ಟೆ. ಸವೆದರೆ ತೆಗೆಯುವುದು, ಬೇರೆ ಹಾಕುವುದು. ನಮ್ಮ ಬೆರಳಿಗೂ ಹೀಗೊಂದು ಇದ್ದಿದ್ದರೆ ಎಂದು ಆಗ ಅನಿಸಿತ್ತು. ವರದಿ ಮುಗಿಯಿತು. ಕೊನೆಗೆ 'ಸಲ್ಲಿಸಿ' ಎಂಬಲ್ಲಿ ಬೆರಳು ಜಾರದೆ ಒತ್ತಿತು.

ಇವತ್ತು ಹೊಸ ತುಂಡು ಅಂಟಿಸಿಟ್ಟು ಪುತ್ತೂರಿಗೆ ಹೊರಟೆ. ಪದವಿ ಪತ್ರ ಬಂದಿದೆ ಎಂದು ಕಾಲೇಜಿನಿಂದ ಫೋನು ಬಂದಿತ್ತು. ಮಾವನೇ ಜೀಪು ತಂದಿದ್ದ, ಅಮ್ಮನೂ ಬಂದಳು. ಆಫೀಸಿನವರು ಪತ್ರ ಕೊಟ್ಟರು, ನಾನು ಅದನ್ನು ಹಾಗೆಯೇ ಅಮ್ಮನ ಕೈಗೆ ಕೊಟ್ಟೆ. ಅವಳು ಕೈ ಒರೆಸಿಕೊಂಡು ಹಿಡಿದಳು. ಓದಲು ಬಾರದ ಅಕ್ಷರಗಳ ಮೇಲೆ ಹೆಬ್ಬೆರಳು ನಿಧಾನಕ್ಕೆ ಸರಿದು, ಕೆಳಗಿನ ಉಬ್ಬು ಮುದ್ರೆಯ ಹತ್ತಿರ ನಿಂತಿತು. ಅಲ್ಲಿಂದ ಏಳಲಿಲ್ಲ.

ಮಾವ ಗಂಟಲು ಸರಿಮಾಡಿಕೊಂಡು, ಬಸ್‌ಸ್ಟ್ಯಾಂಡಿನ ಹತ್ತಿರ ಲ್ಯಾಮಿನೇಶನ್ ಮಾಡುತ್ತಾರೆ, ಈಗಲೇ ಮಾಡಿಸುವ, ಹಾಳಾಗುವುದು ಬೇಡ ಎಂದ.

"ಬೇಡ," ಎಂದಳು ಅಮ್ಮ. "ಇದರ ಮೇಲೆ ಎಂತದೂ ಹಾಕ್ಬೇಡಿ. ಹೀಗೆ ಇದ್ರೆ ನನ್ನ ಬೆರಳಿಗೂ ಗೊತ್ತಾಗ್ತದೆ."