ಎಡೆಯ ಮುದ್ದೆಯಲ್ಲಿದ್ದ ಗುಂಡಿ

ಓದುವ ಎಲ್ಲರಿಗೂ ನಮಸ್ಕಾರ. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದೇ ಮೂವತ್ತೆರಡನೇ ವಯಸ್ಸಿನಲ್ಲಿ. ಒಂದೇ ಬೆರಳಿನಲ್ಲಿ ಟೈಪು ಮಾಡುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ತೀರಿಕೊಂಡ ಹಿರಿಯರು ಬಂದು ಎಡೆ ಉಣ್ಣುತ್ತಾರೆ ಎಂಬುದನ್ನು ನಾನು ನಂಬಿದವನಲ್ಲ. ಊಟ ಬಿಡುವುದೂ ಒಂದು ಕಾಯಿಲೆ ಎಂದರೆ ಅದನ್ನೂ ನಂಬುತ್ತಿರಲಿಲ್ಲ.

ಕೊರಟಗೆರೆ ಹತ್ತಿರ ನನ್ನದೊಂದು ರಾಗಿ ಗಿರಣಿ ಇದೆ. ನಾಲ್ಕು ವರ್ಷದ ಹಿಂದೆ, ಪಿಯುಸಿ ಓದುತ್ತಿದ್ದ ಮಗಳು ಚೈತ್ರ ಮೊದಲು ಮುದ್ದೆ ಬಿಟ್ಟಳು, ಆಮೇಲೆ ಅನ್ನ. ತಟ್ಟೆಯ ಮುಂದೆ ಕೂತರೆ ಕಲಸಿ ಕಲಸಿ ಹಾಗೇ ಬಿಟ್ಟು ಏಳುತ್ತಿದ್ದಳು. ಕೈಕಾಲು ಕಡ್ಡಿಯಂತಾದರೂ "ದಪ್ಪ ಇದೀನಿ" ಎನ್ನುತ್ತಿದ್ದಳು. ಹಟ ಎಂದುಕೊಂಡೆ. ಪ್ರತಿ ಸೋಮವಾರ ಗಿರಣಿಗೆ ಕರೆದು, ಮೂಟೆ ತೂಗುವ ಮಿಷನ್ ಮೇಲೆ ಗಿರಾಕಿಗಳ ಎದುರಿಗೇ ನಿಲ್ಲಿಸುತ್ತಿದ್ದೆ. ನಾಚಿಕೆಯಾದರೆ ಉಣ್ಣುತ್ತಾಳೆ ಎಂದು ನನ್ನ ಬುದ್ಧಿ.

"ಏನಣ್ಣ, ಊರಿಗೆಲ್ಲ ರಾಗಿ ಬೀಸ್ಕೊಡ್ತೀಯ, ಮಗಳಿಗೆ ಮಾತ್ರ ಬರೀ ತೌಡಾ?" ಎಂದು ಒಬ್ಬ ನಕ್ಕ. ನಾನೂ ನಕ್ಕುಬಿಟ್ಟೆ. ಅವಳು ತಲೆ ತಗ್ಗಿಸಿ ಇಳಿದು ಹೋದಳು. ಮುಂದಿನ ತಿಂಗಳು ಕಾಲೇಜಿನಲ್ಲೇ ತಲೆ ಸುತ್ತಿ ಬಿದ್ದಳು.

ತುಮಕೂರಿನ ಮನಸ್ಸಿನ ಡಾಕ್ಟರಮ್ಮ ನನ್ನನ್ನು ಬೇರೆಯಾಗಿ ಕರೆದು, "ಇದು ಹಟ ಅಲ್ಲ, ಕಾಯಿಲೆ. ಹೀಗೇ ಬಿಟ್ಟರೆ ಹೃದಯಕ್ಕೆ ಹೊಡೆತ ಬೀಳುತ್ತೆ. ಮೊದಲು ನಿಮ್ಮ ತೂಕದ ಮಿಷನ್ ನಿಲ್ಲಿಸಿ" ಎಂದರು. ಮೂರು ವಾರವಾದರೂ ಗಂಜಿ ಬಿಟ್ಟು ಬೇರೇನೂ ಅವಳ ಗಂಟಲಲ್ಲಿ ಇಳಿಯಲಿಲ್ಲ. ಇನ್ನೊಂದು ವಾರ ನೋಡಿ ಅಡ್ಮಿಟ್ ಮಾಡೋಣ ಎಂದರು.

ಆ ವಾರವೇ ಮಹಾಲಯ ಅಮಾವಾಸ್ಯೆ. ಹಿಂದಿನ ವರ್ಷ ತೀರಿಕೊಂಡಿದ್ದ ನಮ್ಮವ್ವನಿಗೆ ಎಡೆ ಇಟ್ಟೆವು. ಹೆಂಡತಿ ರತ್ನ ಮುದ್ದೆಯನ್ನು ನುಣ್ಣಗೆ ಕಟ್ಟಿ ಎಲೆಯ ಮೇಲೆ ಇಟ್ಟದ್ದನ್ನು ನಾನೇ ನೋಡಿದೆ. ನಮ್ಮ ಪದ್ಧತಿಯಂತೆ ಬಾಗಿಲು ಹಾಕಿ ಮೂವರೂ ಹೊರಗೆ ಜಗಲಿಯಲ್ಲಿ ಕೂತೆವು. ಚೈತ್ರ ನನ್ನ ಮಗ್ಗುಲಲ್ಲೇ ಇದ್ದಳು. ನಮ್ಮ ಮನೆಗೆ ಇನ್ನೊಂದು ಬಾಗಿಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋದೆವು. ಮುದ್ದೆಯ ನೆತ್ತಿಯಲ್ಲಿ ಹೆಬ್ಬೆರಳಿಂದ ಒತ್ತಿದ ಗುಂಡಿ ಇತ್ತು. ಒಂದು ಬದಿ ಆಳ, ಇನ್ನೊಂದು ಬದಿ ಓರೆ. ಅವ್ವನ ಹೆಬ್ಬೆರಳ ತುದಿ ಹಿಂದೆಂದೋ ಕುಡುಗೋಲಿಗೆ ಸಿಕ್ಕಿ ಓರೆಯಾಗಿ ತುಂಡಾಗಿತ್ತು. ಚೈತ್ರ ಚಿಕ್ಕವಳಿದ್ದಾಗ ಅವ್ವ ದಿನಾ ಮುದ್ದೆಗೆ ಗುಂಡಿ ಒತ್ತಿ ತುಪ್ಪ ಬಿಟ್ಟು ಕೊಡುತ್ತಿದ್ದಳು. ಆ ಗುಂಡಿ ಹೀಗೇ ಓರೆಯಾಗಿ ಬೀಳುತ್ತಿತ್ತು.

"ಯಾರೇ ಮುಟ್ಟಿದ್ದು?" ಎಂದೆ.

"ಎಡೆ ಇಟ್ಟಿದ್ನ ನಾನ್ಯಾಕ್ ಮುಟ್ಲಿ? ದೀಪದಾಣೆಗೂ ಇಲ್ಲ ಕಣ್ರೀ" ಎಂದಳು ರತ್ನ.

ಚೈತ್ರ ಬಗ್ಗಿ ಆ ಗುಂಡಿ ನೋಡಿ ಎಲೆಯ ಮುಂದೆ ಕೂತಳು. ಆಮೇಲೆ, "ಅಪ್ಪ, ತುಪ್ಪ ಎಲ್ಲೈತೆ?" ಎಂದಳು. ತಂದು ಗುಂಡಿ ತುಂಬ ಬಿಟ್ಟೆ. ಅಳುತ್ತಲೇ ಗುಂಡಿಯ ಅಂಚು ಮುರಿದು ಒಂದು ತುತ್ತು ನುಂಗಿದಳು. ಇನ್ನೊಂದು ಮುರಿದಳು.

"ಇಷ್ಟೇ ಆಗೋದು ಅಪ್ಪ."

"ಸಾಕು ಕಣವ್ವ" ಎಂದೆ. ಇನ್ನೂ ಉಣ್ಣು ಎಂದು ಒತ್ತಾಯ ಮಾಡದೇ ಇದ್ದದ್ದು ಅದೇ ಮೊದಲು.

ಅವಳು ಆಸ್ಪತ್ರೆ ಸೇರಬೇಕಾಗಲಿಲ್ಲ. ಆದರೆ ಗುಂಡಿಯಿಂದಲೇ ವಾಸಿಯಾಯಿತು ಎಂದು ನಾನು ಹೇಳಲಾರೆ. ಎರಡು ವರ್ಷ ತುಮಕೂರಿಗೆ ಓಡಾಡಿದೆವು. ನಡುವೆ ಎರಡು ಸಲ ಮತ್ತೆ ಊಟ ಬಿಟ್ಟಿದ್ದಳು. ಈ ವಿಷಯ ಹೇಳಿದಾಗ ಡಾಕ್ಟರಮ್ಮ ನಗಲಿಲ್ಲ. "ಗುಂಡಿ ಯಾರು ಒತ್ತಿದರೋ ನನಗೆ ಗೊತ್ತಿಲ್ಲ. ತುತ್ತು ಮುರಿದವಳು ನಿಮ್ಮ ಮಗಳು" ಎಂದರು.

ಚೈತ್ರ ಈಗ ಶಿರಾದಲ್ಲಿ ಡಿಗ್ರಿ ಓದುತ್ತಿದ್ದಾಳೆ. ರಜಕ್ಕೆ ಬಂದಾಗ ಮುದ್ದೆ ಉಣ್ಣುತ್ತಾಳೆ. ನಾನು ಎಷ್ಟೋ ಸಲ ಅವಳ ಮುದ್ದೆಯ ಮೇಲೆ ಹೆಬ್ಬೆರಳನ್ನು ಹಾಗೆ ತಿರುಗಿಸಿ, ಹೀಗೆ ತಿರುಗಿಸಿ ಒತ್ತಿ ನೋಡಿದ್ದೇನೆ. ಅಂಥ ಗುಂಡಿ ಒಮ್ಮೆಯೂ ಬಿದ್ದಿಲ್ಲ. "ಬುಡಪ್ಪ, ಮುದ್ದೆ ಆರೋಯ್ತದೆ" ಎಂದು ನಗುತ್ತಾ ತಟ್ಟೆ ಎಳೆದುಕೊಳ್ಳುತ್ತಾಳೆ.

ನಿಮ್ಮ ಮನೆಯ ಎಡೆಯಲ್ಲೂ ಇಂಥದ್ದೇನಾದರೂ ಕಂಡಿದ್ದರೆ ದಯವಿಟ್ಟು ಬರೆಯಿರಿ. ಉಣ್ಣಲಾರದ ಮಗು ಮನೆಯಲ್ಲಿದ್ದರೆ ಅದನ್ನೂ ಬರೆಯಿರಿ, ನಾಚಿಕೆ ಪಡಬೇಡಿ.